ಎಲುಬಿಗೆ ಔಷಧ ಮುಟ್ಟುವ ಹೊತ್ತು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಕಲಿತು ಎಲುಬು-ಕೀಲು ಡಾಕ್ಟರ್ ಆದವನು ನಾನು. ನಿಮ್ಮ ಉಪಯೋಗಕ್ಕೆ ಬರುವ ಒಂದೇ ವಿಷಯ ಹೇಳುತ್ತೇನೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯಿಂದ ನನ್ನ ಬಳಿ ಬರುವವರು ನಿಮ್ಮವರೇ. ಬೈಕಿನಿಂದ ಬಿದ್ದವರು, ಕಬ್ಬಿನ ಟ್ರ್ಯಾಕ್ಟರ್ ಹಾಯ್ದವರು, ಗ್ರಾನೈಟ್ ಕ್ವಾರಿಯಲ್ಲಿ ಕಾಲು ಮುರಿದುಕೊಂಡವರು. ಆಪರೇಷನ್ ಆದಮೇಲೆ ಕೆಲವರಿಗೆ ಕೀವು ಆಗುತ್ತದೆ. ಆಗ ಮನೆಯವರು ಕೇಳುತ್ತಾರೆ: "ಡಾಕ್ಟರ್ರೀ, ದಿನಾ ಇಂಜೆಕ್ಷನ್ ಕೊಟ್ರಲ್ರೀ, ಮತ್ತ ಕೀವು ಯಾಕ ಬಂತ್ರೀ?"

ಉತ್ತರ ರೈತರಿಗೆ ಬೇಗ ತಿಳಿಯುತ್ತದೆ. ಎಲುಬು ಕಾಲುವೆಯ ಕೊನೆಯ ಹೊಲ. ಆಂಟಿಬಯಾಟಿಕ್ ರಕ್ತದ ಜೊತೆ ಹರಿಯುತ್ತದೆ. ಎಲುಬಿನೊಳಗಿನ ಮೆತ್ತನೆಯ ಭಾಗಕ್ಕೆ ರಕ್ತ ಸಾಕಷ್ಟು ಬರುತ್ತದೆ. ಹೊರಗಿನ ಗಟ್ಟಿ ಭಾಗಕ್ಕೆ ಕಡಿಮೆ. ರಕ್ತದಲ್ಲಿ ಇರುವಷ್ಟು ಔಷಧ ಎಲುಬಿನಲ್ಲಿ ಇರುವುದಿಲ್ಲ. ಸತ್ತ ಎಲುಬಿನ ಚೂರಿಗಂತೂ ರಕ್ತವೇ ಇಲ್ಲ, ಔಷಧ ಎಲ್ಲಿಂದ ಬರಬೇಕು? ಅದನ್ನು ತೆಗೆದೇ ಹಾಕಬೇಕು.

ಆದ್ದರಿಂದ ಹೊತ್ತು ಮುಖ್ಯ. ಸೆಫಜೋಲಿನ್ ಎಂಬ ಔಷಧವನ್ನು ಚರ್ಮ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ರಕ್ತನಾಳಕ್ಕೆ ಕೊಡಬೇಕು. ಆಪರೇಷನ್ 4 ತಾಸು ಮೀರಿದರೆ ಇನ್ನೊಮ್ಮೆ. ಅಮೆರಿಕದಲ್ಲಿ 2,847 ರೋಗಿಗಳನ್ನು ಗಮನಿಸಿ 1992ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೊಯ್ಯುವ ಮೊದಲಿನ 2 ತಾಸಿನೊಳಗೆ ಔಷಧ ಪಡೆದವರಲ್ಲಿ ನೂರಕ್ಕೆ 0.6 ಮಂದಿಗೆ ಗಾಯ ನಂಜಾಯಿತು. ಕೊಯ್ದು 3 ತಾಸಿನ ನಂತರ ಪಡೆದವರಲ್ಲಿ 3.3 ಮಂದಿಗೆ.

ಕೈಕಾಲಿನ ಆಪರೇಷನ್ನಿನಲ್ಲಿ ರಕ್ತ ತಡೆಯಲು ಟೂರ್ನಿಕೆ ಪಟ್ಟಿ ಬಿಗಿಯುತ್ತೇವೆ. ಅದು ಕಾಲುವೆಯ ಗೇಟು ಹಾಕಿದ ಹಾಗೆ. ಔಷಧ ಅದಕ್ಕೂ ಮೊದಲೇ ಒಳಗೆ ಹೋಗಿರಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ರೈತರ ಕಾಲಿಗೆ ಪ್ಲೇಟ್ ಹಾಕುವಾಗ, ಗಡಿಬಿಡಿಯಲ್ಲಿ ಪಟ್ಟಿ ಬಿಗಿದಮೇಲೆ ಇಂಜೆಕ್ಷನ್ ಕೊಟ್ಟೆವು. ಕೇಳಬೇಕಾದವನು ನಾನು, ಕೇಳಲಿಲ್ಲ. ಅವರಿಗೆ ಕೀವಾಯಿತು. ಲೋಹದ ಮೇಲೆ ರೋಗಾಣುಗಳು ಪಾಚಿಯಂತೆ ಪದರ ಕಟ್ಟಿದರೆ ಔಷಧ ಒಳಹೊಗುವುದು ಕಷ್ಟ. ಮತ್ತೆರಡು ಆಪರೇಷನ್ ಆದವು. ಆ ವರ್ಷದ ಬಿತ್ತನೆ ಹೋಯಿತು. ಅದೊಂದೇ ಕಾರಣವೆಂದು ಹೇಳಲಾರೆ. ಆದರೆ ಅಂದಿನಿಂದ ಪಟ್ಟಿ ಬಿಗಿಯುವ ಮೊದಲು "ಇಂಜೆಕ್ಷನ್ ಆತೇನ್ರೀ?" ಎಂದು ಗಟ್ಟಿಯಾಗಿ ಕೇಳದೆ ಚಾಕು ಹಿಡಿದಿಲ್ಲ.

ಮಕ್ಕಳೇ, ಮನೆಗೆ ಹೋಗಿ ಮೂರು ಮಾತು ಹೇಳಿರಿ. ಎಲುಬು ಮುರಿದು ಗಾಯ ತೆರೆದಿದ್ದರೆ ಅರಿಶಿಣ, ತಂಬಾಕಿನ ಪುಡಿ ಹಾಕಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ 108ಕ್ಕೆ ಫೋನ್ ಮಾಡಿ. ಇಂಥ ಗಾಯಕ್ಕೆ ಮೊದಲ ಇಂಜೆಕ್ಷನ್ ಒಂದು ತಾಸಿನೊಳಗೆ ಸಿಕ್ಕರೆ ಒಳ್ಳೆಯದು. ಪಟ್ಟಿ ಕಟ್ಟಿಸಲು ಊರೂರು ತಿರುಗಿ ಆ ಹೊತ್ತು ಕಳೆಯಬೇಡಿ. ಚೀಟಿ ಇಲ್ಲದೆ ಔಷಧ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ರೋಗಾಣುಗಳು ಅದಕ್ಕೆ ಬಗ್ಗದಂತಾದರೆ ಕೊನೆಯ ಹೊಲಕ್ಕೆ ನೀರು ಮುಟ್ಟಿಯೂ ಫಲವಿಲ್ಲ.

ಗೊತ್ತಾಗದಿದ್ದರೆ ಎದ್ದು ನಿಂತು ಕೇಳು ಎಂದು ಕಲಿಸಿದ್ದು ಈ ಶಾಲೆ. ಆಪರೇಷನ್ ಕೋಣೆಯಲ್ಲಿ ಅದು ನನಗೆ ತಡವಾಗಿ ನೆನಪಾಯಿತು. ನೀವು ಮರೆಯಬೇಡಿ.