ಬೆಟ್ಟದ ಇಕ್ಕೆಲದ ಮಳೆ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಲ್ಲಿ ಆಷಾಢಮಾಸದ ಒಂದು ದಿನ ಹೊಲದ ಬದುವಿನ ಮೇಲೆ ನಿಂತು ನೋಡಿರಿ. ಪಡುವಣದಿಂದ ಮೋಡಗಳು ಸಾಲುಸಾಲಾಗಿ ಬರುವುವು. ತೆಂಗಿನ ಗರಿಗಳು ಗಾಳಿಗೆ ತೂಗಾಡುವುವು. ನೆಲ ನೆನೆಯುವಷ್ಟು ಮಳೆ ಮಾತ್ರ ಅಪರೂಪ. ಅದೇ ದಿನ ಸಕಲೇಶಪುರದ ಘಟ್ಟದಲ್ಲಿ ಹಳ್ಳಕೊಳ್ಳಗಳು ತುಂಬಿ ಹರಿಯುತ್ತಿರುವುವು. ಎರಡೂ ಹಾಸನ ಜಿಲ್ಲೆಯ ಊರುಗಳೇ; ಬೀಸುವ ಗಾಳಿಯೂ ಒಂದೇ. ಹೀಗಿದ್ದೂ ಈ ಭೇದವೇಕೆ?

ಎತ್ತರದ ಸ್ಥಳದಲ್ಲಿ ಮಳೆ ಹೆಚ್ಚೆಂದು ಅನೇಕರು ಭಾವಿಸುವುದುಂಟು. ಆದರೆ ಆಗುಂಬೆಯು ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರು ಎತ್ತರದಲ್ಲಿದೆ. ಅರಸೀಕೆರೆಯು ಸುಮಾರು 800 ಮೀಟರು. ತಗ್ಗಿನಲ್ಲಿರುವ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ; ಅರಸೀಕೆರೆಗೆ ಅದರ ಹತ್ತರಲ್ಲೊಂದು ಪಾಲಿನಷ್ಟು. ಆದುದರಿಂದ ಮುಖ್ಯವಾದುದು ನಾವು ನಿಂತ ನೆಲದ ಎತ್ತರವಲ್ಲ. ಗಾಳಿಯು ಅಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು.

ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಬರುವ ಗಾಳಿಯು ಘಟ್ಟಕ್ಕೆ ತಾಗಿ ಮೇಲೇರಲೇಬೇಕು. ಏರಿದಂತೆಲ್ಲ ಒತ್ತಡ ಕಡಮೆಯಾಗಿ ಅದು ಹಿಗ್ಗುವುದು, ಹಿಗ್ಗಿ ತಣ್ಣಗಾಗುವುದು. ತಣ್ಣಗಾದ ಗಾಳಿಯಲ್ಲಿ ಆವಿಯೆಲ್ಲವೂ ಆವಿಯಾಗಿಯೇ ಉಳಿಯಲಾರದು. ಮೋಡಗಟ್ಟಿ ಮಳೆಯಾಗಿ ಸುರಿಯುವುದು. ಘಟ್ಟವನ್ನು ದಾಟಿ ಇಳಿಯುವ ಗಾಳಿಯ ಗತಿ ಇದಕ್ಕೆ ವಿಪರೀತ. ಅದು ಕುಗ್ಗಿ ಬಿಸಿಯಾಗುವುದು. ಉಳಿದ ಮೋಡವೂ ಕರಗುವುದು. ಕಣಕಟ್ಟೆ ಇರುವುದು ಈ ಮಳೆಯ ನೆರಳಿನಲ್ಲಿ.

ಹಿಮಪಾತಕ್ಕೂ ಇದೇ ನಿಯಮ. ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರವಾದರೂ ಅಲ್ಲಿ ಹಿಮ ಬೀಳದು. ನಮ್ಮ ಮಳೆಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವುದು 5,000 ಮೀಟರಿಗೂ ಮೇಲೆ. ಹಿಮಾಲಯಕ್ಕೆ ಆ ಎತ್ತರವುಂಟು. ಆದರೂ ಅದರ ಹಿಂಬದಿಯಲ್ಲಿ, 3,500 ಮೀಟರು ಎತ್ತರದಲ್ಲಿರುವ ಲೇಹ್ ಪಟ್ಟಣಕ್ಕೆ ಮಳೆಯೂ ಹಿಮವೂ ಸೇರಿ ವರ್ಷಕ್ಕೆ ದೊರೆಯುವುದು 100 ಮಿಲಿಮೀಟರಿನ ಆಸುಪಾಸು. ಹಿಮಕ್ಕೆ ಚಳಿಯೊಂದೇ ಸಾಲದು, ಆವಿಯೂ ಬೇಕು.

ಹಾಗಾದರೆ ಕಣಕಟ್ಟೆಯ ರೈತನಿಗೆ ಗತಿ ಏನು? ಅವನ ಕಡೆ ಜೋರಾದ ಮಳೆ ಬರುವುದು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅದು ಗುಡುಗು ಸಿಡಿಲಿನ ಮಳೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ತಾನಾಗಿಯೇ ಮೇಲೇರುವುದರಿಂದ ಅದಕ್ಕೆ ಬೆಟ್ಟದ ಹಂಗಿಲ್ಲ. ಆದರೆ ಅದು ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹರಿದುಹೋಗುವುದು. ಅದನ್ನು ತಡೆದು ನಿಲ್ಲಿಸಲೆಂದೇ ನಮ್ಮ ಹಿರಿಯರು ಊರೂರಿಗೆ ಕೆರೆಗಳನ್ನು ಕಟ್ಟಿದರು. ಆಷಾಢದ ಮೋಡವನ್ನು ನಂಬಿ ಕೆರೆಯನ್ನು ಮರೆತ ಊರಿನಲ್ಲಿ ಮೊದಲು ಬಾವಿ, ಬಳಿಕ ತೋಟ ಒಣಗುವುದು. ಘಟ್ಟವನ್ನು ಸರಿಸುವುದು ನಮ್ಮಿಂದಾಗದು. ಕೆರೆಯ ಹೂಳನ್ನು ತೆಗೆಯುವುದು ನಮ್ಮಿಂದಾಗುವ ಕೆಲಸ.