ಖಾಲಿ ಸೀಸೆಯ ಋಣ

(ರಾಜ್ಯೋತ್ಸವಕ್ಕೆ ಮುನ್ನ, ಚೆನ್ನೈಯ ನಮ್ಮ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಕೇಳಬಹುದೆಂದು ಬಂದಿರುವ ತಮ್ಮ ಮುಂದೆ ಖಾಲಿ ಸೀಸೆಗಳ ಪ್ರಸ್ತಾಪ ಮಾಡಲು ನನಗೆ ಸಂಕೋಚವಿಲ್ಲದೆ ಇಲ್ಲ. ವಿಷಯ ಏನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಗಳಿಗೆ ಸುಮ್ಮನಿದ್ದು, "ಆಗಲಿ, ಹದಿನೈದು ನಿಮಿಷ ಮೀರಬೇಡಿ" ಎಂದರು. ಮೀರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆಯ ಕಡೆ. ಆಗ ನಮ್ಮೂರಿನಲ್ಲಿ ಗೋಲಿ ಸೋಡಾದ ಅಂಗಡಿ ಒಂದೇ. ಸೋಡಾ ಬೇಕಾದವನು ಅಂಗಡಿಯ ಮುಂದೆಯೇ ನಿಂತು ಕುಡಿದು ಸೀಸೆಯನ್ನು ಕೊಟ್ಟು ಹೋಗತಕ್ಕದ್ದು. ಮನೆಗೆ ಒಯ್ಯುವುದಾದರೆ ಎಂಟಾಣೆ ಇಡಬೇಕು. ಸೀಸೆ ತಂದಾಗ ಎಂಟಾಣೆ ವಾಪಸು. ಸೋಡಾದ ಬೆಲೆಗಿಂತ ಸೀಸೆಯ ಅಡವೇ ಹೆಚ್ಚು. ಒಮ್ಮೆ ಅಜ್ಜಿಗೆ ಅಜೀರ್ಣವಾಗಿ ನನ್ನನ್ನು ಸೋಡಾ ತರಲು ಅಟ್ಟಿದರು. ತಂದುಕೊಟ್ಟೆ. ಹಿಂದಿರುಗಿಸಲು ಹೋಗುವಾಗ ದಾರಿಯಲ್ಲಿ ಒಳಗಿನ ಗೋಲಿಯ ಮೇಲೆ ಆಸೆ ಹುಟ್ಟಿತು. ಕಲ್ಲಿಗೆ ಸೀಸೆಯನ್ನು ಒಡೆದು ಗೋಲಿಯನ್ನು ಜೇಬಿಗೆ ಹಾಕಿಕೊಂಡು ಬಂದೆ. ಎಂಟಾಣೆಯ ಲೆಕ್ಕ ಸಿಕ್ಕದೆ ಅಪ್ಪ ಕೊಟ್ಟ ಏಟು ಇವತ್ತಿಗೂ ನೆನಪಿದೆ. ಆದರೆ ಮಹನೀಯರೇ, ಆ ಎಂಟಾಣೆ ಇಲ್ಲದಿದ್ದರೆ ಊರಿನ ಹುಡುಗರೆಲ್ಲ ಸೇರಿ ಒಂದು ವಾರದಲ್ಲಿ ಅಂಗಡಿಯವನ ಸೀಸೆಗಳನ್ನೆಲ್ಲ ತೀರಿಸಿಬಿಡುತ್ತಿದ್ದೆವು!

ಈಗ ಅದೇ ಎಂಟಾಣೆಯ ಸೂತ್ರ ನಮ್ಮೂರಿನ ಪಕ್ಕದ ಕಾಡಿಗೇ ಮರಳಿ ಬಂದಿದೆ. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೋಗುವ ದಾರಿ ತಮಗೆಲ್ಲ ಪರಿಚಿತ. ಮೋಜಿಗೆ ಹೋದವರು ಕುಡಿದು ಎಸೆದ ಮದ್ಯದ ಸೀಸೆಗಳು ಆ ಬೆಟ್ಟದ ಕಾಡಿನಲ್ಲಿ ಒಡೆದು ಬೀಳುತ್ತಿದ್ದವು. ಆನೆಯ ಅಂಗಾಲು ನೋಡಲು ದಪ್ಪ, ಆದರೆ ಒಳಗೆ ಮೆತ್ತೆಯಂತಿರುತ್ತದೆ. ಗಾಜು ಹೊಕ್ಕರೆ ಕೀವುಗಟ್ಟುತ್ತದೆ. ನಡೆಯಲಾರದ ಆನೆ ಮೇಯಲಾರದು, ಮೇಯಲಾರದ ಆನೆ ಬದುಕಲಾರದು. ಮದರಾಸು ಹೈಕೋರ್ಟಿನ ಆದೇಶದ ಮೇರೆಗೆ 2022ರ ಮೇ ತಿಂಗಳಲ್ಲಿ ನೀಲಗಿರಿ ಜಿಲ್ಲೆಯ ಸರಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಸೀಸೆಗೂ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಸೀಸೆ ತಂದವರಿಗೆ ಅದನ್ನು ಮರಳಿಸುವ ಏರ್ಪಾಡಾಯಿತು. ದಂಡವಿಲ್ಲ, ಉಪದೇಶವಿಲ್ಲ, ಕಾವಲಿನವನಿಲ್ಲ. ನೂರಕ್ಕೆ 90ಕ್ಕೂ ಹೆಚ್ಚು ಸೀಸೆಗಳು ಮರಳಿ ಬಂದವು. ಅಲ್ಲಿಂದ ಈ ಏರ್ಪಾಡು ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ನಾನು ಮದ್ಯ ಮುಟ್ಟಿದವನಲ್ಲ. ಆದರೂ ಕೂನೂರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ಬೆಳಗಿನ ವಾಕಿಂಗಿನಲ್ಲಿ ಚೀಟಿ ಅಂಟಿಸಿದ್ದ ಒಂದು ಸೀಸೆ ಕಣ್ಣಿಗೆ ಬಿತ್ತು. ಪರೀಕ್ಷಿಸಿಯೇ ಬಿಡೋಣವೆಂದು ಅದನ್ನೆತ್ತಿಕೊಂಡು ಮಧ್ಯಾಹ್ನ ಅಂಗಡಿಗೆ ಹೊರಟೆ. ಎದುರಿಗೆ ಬಂದವರು ಯಾರೆಂದುಕೊಂಡಿರಿ? ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಆ ಸೀಸೆ! ಅವರು ಇದುವರೆಗೆ ಯಾರಿಗೂ ಹೇಳಿಲ್ಲವೆಂಬುದು ಅವರ ದೊಡ್ಡತನ. ಅಂಗಡಿಯವನು ಮಾತ್ರ ನೀನು ಕೊಂಡದ್ದೋ ಆಯ್ದದ್ದೋ ಎಂದು ಕೇಳಲಿಲ್ಲ. 10 ರೂಪಾಯಿ ಎಣಿಸಿಕೊಟ್ಟ.

ಅವನು ಕೇಳದೆ ಕೊಟ್ಟನಲ್ಲ, ಇಡೀ ವಿಷಯದ ತಿರುಳು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಠೇವಣಿ ಕೊಂಡವನದಲ್ಲ, ಸೀಸೆಯದು. ಯಾರು ತಂದರೆ ಅವರಿಗೆ ಸಲ್ಲಬೇಕು. ಕೊಂಡ ಅಂಗಡಿಗೇ ತರಬೇಕು, ರಸೀತಿ ತೋರಿಸಬೇಕು ಎಂಬ ಕಟ್ಟುಗಳು ಸೇರಿಕೊಂಡರೆ ಅದು ಬರಿಯ ಬೆಲೆಯೇರಿಕೆಯಾಗುತ್ತದೆ. ಜರ್ಮನಿಯಲ್ಲಿ 2003ರಿಂದ ಬಿಸಾಡುವ ಬಗೆಯ ಪಾನೀಯದ ಬಾಟಲಿಗೂ ಡಬ್ಬಿಗೂ 25 ಸೆಂಟುಗಳ ಠೇವಣಿಯಿದೆ. ಅಲ್ಲಿನ ದೊಡ್ಡ ಅಂಗಡಿಗಳು ತಾವು ಮಾರುವ ಜಾತಿಯ ಬಾಟಲಿಯನ್ನು, ಬೇರೆಲ್ಲಿ ಕೊಂಡದ್ದಾದರೂ, ತೆಗೆದುಕೊಳ್ಳಲೇಬೇಕು. ಮೊದಲು ಬಿಟ್ಟಿದ್ದ ಹಣ್ಣಿನ ರಸದ ಪ್ಲಾಸ್ಟಿಕ್ ಬಾಟಲಿಗಳನ್ನು 2022ರಲ್ಲಿಯೂ, ಹಾಲಿನವನ್ನು 2024ರಲ್ಲಿಯೂ ಸೇರಿಸಿಕೊಂಡರು.

ಅಮೆರಿಕದ ಒರೆಗಾನ್ ಸಂಸ್ಥಾನದ ಕತೆ ಇನ್ನೂ ಸ್ವಾರಸ್ಯವಾದದ್ದು. 1971ರಲ್ಲಿಯೇ ಕಾನೂನು ಮಾಡಿ 5 ಸೆಂಟು ಠೇವಣಿ ಇಟ್ಟರು. ಕಾಲ ಕಳೆದಂತೆ ದುಡ್ಡಿನ ಬೆಲೆ ಇಳಿಯಿತು. 5 ಸೆಂಟಿಗಾಗಿ ಯಾರು ಬಗ್ಗುತ್ತಾರೆ? ವಾಪಸಾಗುವ ಪ್ರಮಾಣ ಎರಡು ವರ್ಷ ಸತತವಾಗಿ ನೂರಕ್ಕೆ 80ಕ್ಕಿಂತ ಕೆಳಗಿದ್ದರೆ ಠೇವಣಿ ದುಪ್ಪಟ್ಟಾಗತಕ್ಕದ್ದೆಂದು ಕಾನೂನಿನಲ್ಲಿಯೇ ಬರೆದುಕೊಂಡರು. ಹಾಗೆಯೇ ಆಗಿ 2017ರಲ್ಲಿ ಅದು 10 ಸೆಂಟಾಯಿತು. ಅಲ್ಲಿಯೂ ನೀರಿನ ಬಾಟಲಿ ಸೇರಿದ್ದು 2009ರಲ್ಲಿ. ಮೂವತ್ತೆಂಟು ವರ್ಷ ಹಿಡಿಯಿತು!

ನಮ್ಮಲ್ಲಿ ಅಷ್ಟು ವರ್ಷ ಕಾಯಬೇಕೆ ಎಂಬುದೇ ನನ್ನ ಪ್ರಶ್ನೆ. ಮದ್ಯದ ಸೀಸೆಗೆ ಸಾಧ್ಯವಾದದ್ದು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಏಕೆ ಆಗಬಾರದು? ಕೇದಾರನಾಥದ ಯಾತ್ರೆಯಲ್ಲಿ 2022ರಲ್ಲಿ ನೀರಿನ ಬಾಟಲಿಗೆ 10 ರೂಪಾಯಿ ಠೇವಣಿ ಹಿಡಿದು ನೋಡಿದ್ದಾರೆ. ಕೇರಳದ ಕೆಲವು ಮದ್ಯದಂಗಡಿಗಳಲ್ಲಿ 2025ರಲ್ಲಿ ಪ್ಲಾಸ್ಟಿಕ್ ಬಾಟಲಿಗೆ 20 ರೂಪಾಯಿ ಇಟ್ಟರು.

ಇದಕ್ಕೊಂದು ಆಕ್ಷೇಪಣೆಯುಂಟು, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಪ್ಲಾಸ್ಟಿಕ್ ಬಾಟಲಿಗಳನ್ನು ಆಯುವವರು ಈಗಾಗಲೇ ಆಯುತ್ತಿದ್ದಾರೆ. ಇಲ್ಲಿಯವರು ಕಾಯಲಾನ್ ಕಡೈ ಎನ್ನುವ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿ ಹೊಟ್ಟೆ ಹೊರೆಯುತ್ತಿದ್ದಾರೆ. ನಾವೆಲ್ಲ ಬಾಟಲಿ ಹಿಂದಿರುಗಿಸಹೊರಟರೆ ಅವರ ಗತಿಯೇನು? ನಮ್ಮ ಬೀದಿಯಲ್ಲಿ ನಸುಕಿಗೇ ಚೀಲ ಹೊತ್ತು ಬರುವ ಹೆಂಗಸಿಗೆ ಈ ಏರ್ಪಾಡನ್ನು ವಿವರಿಸಿ ಇದೇ ಪ್ರಶ್ನೆ ಕೇಳಿದೆ. ಆಕೆ ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: "ಅಯ್ಯಾ, ದೊಡ್ಡ ಮನೆಯವರು 10 ರೂಪಾಯಿಗೆ ಅಂಗಡಿಗೆ ನಡೆಯುವುದಿಲ್ಲ. ನನಗೇ ಸಿಕ್ಕುತ್ತದೆ. ಆದರೆ ಅಂಗಡಿಯವನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾನೆಯೇ, ಅದನ್ನು ಕೇಳಿ ಹೇಳಿ." ತಂದವರಿಗೆ ಸಲ್ಲಬೇಕೆಂದು ನಾನು ಒತ್ತಿ ಹೇಳಿದ್ದು ಇದಕ್ಕಾಗಿಯೇ. ಅಂಗಡಿಯ ನೌಕರರ ಕಷ್ಟವೂ ಸುಳ್ಳಲ್ಲ. ಜಾಗವಿಲ್ಲದ ಕೋಣೆಯಲ್ಲಿ ನಾರುವ ಸೀಸೆಗಳನ್ನು ಎಣಿಸುವವನಿಗೆ ಪ್ರತ್ಯೇಕ ಸಂಬಳ ಬೇಕು, ಜಾಗ ಬೇಕು. ಯಾರೂ ಕೇಳದೆ ಉಳಿದ ಠೇವಣಿಯ ಹಣ ಇದಕ್ಕೇ ಸಲ್ಲಲಿ.

ಇನ್ನು ನಮ್ಮ ಮನೆಯ ಮಾತು. ಕಳೆದ ರಾಜ್ಯೋತ್ಸವದ ಮಾರನೆಯ ದಿನ ಸಭಾಭವನದ ಹಿಂದೆ ಸಣ್ಣ ನೀರಿನ ಬಾಟಲಿಗಳನ್ನು ತುಂಬಿದ ನಾಲ್ಕು ಗೋಣಿಚೀಲ ನೋಡಿದೆ. ಅರ್ಧಕ್ಕರ್ಧ ಬಾಟಲಿಗಳಲ್ಲಿ ನೀರು ಹಾಗೆಯೇ ಇತ್ತು. ಬೇಸಿಗೆಯಲ್ಲಿ ಲಾರಿ ನೀರಿಗೆ ಕಾಯುವ ಊರಿನಲ್ಲಿ ಹೀಗೆ ಮಾಡಿದವರು ನಾವೇ. ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಅರಿಕೆ: ಈ ಸಲ ಬಾಟಲಿ ಬೇಡ. ಬಾಗಿಲಲ್ಲಿ 20 ರೂಪಾಯಿ ಇಟ್ಟವರಿಗೆ ಒಂದು ಸ್ಟೀಲ್ ಲೋಟ. ಹೋಗುವಾಗ ಲೋಟ ಕೊಟ್ಟು ಹಣ ತೆಗೆದುಕೊಂಡು ಹೋಗಲಿ. ಅಧ್ಯಕ್ಷರಿಗೂ ವಿನಾಯಿತಿ ಬೇಡ. ಲೋಟಗಳನ್ನು ಬಾಡಿಗೆಗೆ ತರುವ ಹೊಣೆ ನನ್ನದು. ತೊಳೆಯುವವರು ಯಾರೆಂಬುದನ್ನು ಮಾತ್ರ, ತಾವು ಕಾಫಿಗೆ ಏಳುವ ಮೊದಲು ತೀರ್ಮಾನಿಸಿಬಿಡೋಣ.