ಬರವಣಿಗೆಯಲ್ಲಿ ವಿರಾಮ, ಬದುಕಿನಲ್ಲಿ ವಿರಾಮ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಭಾಷಾ ಶಿಕ್ಷಕರ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ದೊಡ್ಡ ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಭಾಷೆಯನ್ನು ಕಲಿಸುವವರಾದ ನಾವು ಇಂದು ಸಾಸಿವೆ ಕಾಳಿಗಿಂತ ಚಿಕ್ಕದಾದ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ವಾಕ್ಯದ ಕೊನೆಯ ಚುಕ್ಕೆ, ನಡುವಿನ ಅಲ್ಪವಿರಾಮ, ಪ್ರಶ್ನೆಯ ಕೊಂಡಿ ಇವೇ ಆ ವಿಷಯ. ಮಕ್ಕಳ ಉತ್ತರಪತ್ರಿಕೆಗಳಿಂದ, ದೊಡ್ಡವರ ಚೀಟಿಗಳಿಂದ, ಮೊಬೈಲಿನ ಸಂದೇಶಗಳಿಂದ ಇವು ಒಂದೊಂದಾಗಿ ಮರೆಯಾಗುತ್ತಿವೆ. ಏಕೆಂದು ಕೇಳಿದರೆ ಮಕ್ಕಳೂ ದೊಡ್ಡವರೂ ಒಂದೇ ಉತ್ತರ ಕೊಡುತ್ತಾರೆ: “ವೇಳೆ ಇರಲಿಲ್ಲರಿ.”

ವಿರಾಮವೆಂದರೆ ನಿಲ್ಲುವುದು, ದಣಿವಾರಿಸಿಕೊಳ್ಳುವುದು. ಕನ್ನಡದಲ್ಲಿ ಅಲ್ಪವಿರಾಮ, ಮರಾಠಿಯಲ್ಲಿ ಸ್ವಲ್ಪವಿರಾಮ. ಪೂರ್ಣವಿರಾಮವಂತೂ ಎರಡರಲ್ಲಿಯೂ ಒಂದೇ. ಸೊಲ್ಲಾಪುರ, ಅಕ್ಕಲಕೋಟೆಗಳ ಮಗು ಈ ಪಾಠವನ್ನು ಎರಡು ಭಾಷೆಗಳಲ್ಲಿ ಎರಡು ಸಲ ಕಲಿಯುತ್ತದೆ. ಎರಡು ಸಲ ಕಲಿತದ್ದು ಏಕೆ ಉಳಿಯುತ್ತಿಲ್ಲವೆಂಬುದನ್ನು ನಾವೆಲ್ಲರೂ ಸೇರಿ ವಿಚಾರ ಮಾಡಬೇಕಾಗಿದೆ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳೋಣ. ಈ ಚಿಹ್ನೆಗಳು ನಮ್ಮಲ್ಲಿ ಬಹಳ ಹಳೆಯವಲ್ಲ. ಈ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರ ವಚನಗಳು ತಾಳೆಗರಿಗಳಲ್ಲಿ ಉಳಿದು ಬಂದವು. ಆ ಗರಿಗಳಲ್ಲಿ ಅಲ್ಪವಿರಾಮವಿಲ್ಲ, ಪ್ರಶ್ನಾರ್ಥಕ ಚಿಹ್ನೆಯಿಲ್ಲ; ಪದ ಪದಗಳ ನಡುವೆ ತೆರಪು ಸಹ ಇಲ್ಲ. ಆದರೂ ಓದುಗ ದಾರಿ ತಪ್ಪಲಿಲ್ಲ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ ಬಂದಾಗ ವಚನ ಮುಗಿಯುತ್ತಿದೆಯೆಂದು ಅವನಿಗೆ ತಿಳಿಯುತ್ತಿತ್ತು. ದೇವರ ಹೆಸರೇ ಅಲ್ಲಿ ಪೂರ್ಣವಿರಾಮ. ಇದಲ್ಲದೆ ಕನ್ನಡ ವಾಕ್ಯವು ಸಾಮಾನ್ಯವಾಗಿ ಕ್ರಿಯಾಪದದೊಡನೆ ಮುಗಿಯುವುದರಿಂದ, ಎಲ್ಲಿ ನಿಲ್ಲಬೇಕೆಂಬುದನ್ನು ವ್ಯಾಕರಣವೇ ಬಹುಮಟ್ಟಿಗೆ ಹೇಳಿಬಿಡುತ್ತಿತ್ತು. ಉಳಿದದ್ದನ್ನು ಕಂಠ ಪೂರೈಸುತ್ತಿತ್ತು. ಮಠದಲ್ಲಿ ಪುರಾಣ ಹೇಳುವವರು ಎಲ್ಲಿ ಉಸಿರು ಬಿಡಬೇಕು, ಎಲ್ಲಿ ದನಿ ಏರಿಸಬೇಕು ಎಂಬುದನ್ನು ಗುರುವಿನಿಂದ ಕೇಳಿ ಕಲಿತವರಾಗಿದ್ದರು.

ಅಚ್ಚಿನ ಯಂತ್ರ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಓದುಗ ಒಂಟಿಯಾಗಿ, ದನಿಯಿಲ್ಲದೆ, ಗುರುವಿಲ್ಲದೆ ಓದತೊಡಗಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಪುಸ್ತಕಗಳ ಜೊತೆಯಲ್ಲಿಯೇ ಪಶ್ಚಿಮದ ಈ ಚಿಹ್ನೆಗಳು ನಮ್ಮ ಭಾಷೆಗಳಲ್ಲಿ ನೆಲೆಯೂರಿದವು. ಮರಾಠಿ ಗದ್ಯದಲ್ಲಿ ಅವುಗಳನ್ನು ರೂಢಿಗೆ ತಂದ ಕೀರ್ತಿ, ಮೋಲ್ಸ್‌ವರ್ತ್ ನಿಘಂಟಿನ ಕಾರ್ಯದಲ್ಲಿ ಕೈಜೋಡಿಸಿದ ಮೇಜರ್ ಥಾಮಸ್ ಕ್ಯಾಂಡಿ ಅವರಿಗೆ ಸಲ್ಲುತ್ತದೆ. ನೆರೆಯ ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು. ನಮ್ಮ ಶಾಲೆ ಕಣ್ದೆರೆದುದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಒಂದೇ ಸಮನೆ ಹರಿಯುವ ಅಕ್ಷರಗಳ ಸಾಲನ್ನು ಪದಗಳಾಗಿ ಬಿಡಿಸಿ, ಸಾಲುಗಳಾಗಿ ಹೊಂದಿಸಿದ ಸಂಪಾದಕರ ಶ್ರಮದಿಂದಲೇ ಇಂದು ನಮ್ಮ ಐದನೆಯ ತರಗತಿಯ ಬಾಲಕಿ ವಚನವನ್ನು ತಾನಾಗಿಯೇ ಓದಬಲ್ಲಳು. ಹಿಂದೆ ಗುರುಮುಖದಿಂದಲೇ ದೊರೆಯುತ್ತಿದ್ದುದನ್ನು ಈ ಪುಟ್ಟ ಚಿಹ್ನೆಗಳು ಎಲ್ಲರ ಮನೆಗೂ ಮುಟ್ಟಿಸಿದವು.

“ಹಿಂದಿನವರಿಗೆ ಅವಸರವಿರಲಿಲ್ಲ, ನಮಗಿದೆ” ಎಂದು ಕೆಲವರು ಹೇಳುತ್ತಾರೆ. ಈ ಮಾತು ಪೂರ್ತಿ ನಿಜವಲ್ಲ. ನಮ್ಮ ಭಾಗದ ಹಳೆಯ ಮನೆಗಳ ಟ್ರಂಕುಗಳಲ್ಲಿ ಇಂದಿಗೂ ಮೋಡಿ ಲಿಪಿಯ ಕಾಗದಗಳು ಸಿಗುತ್ತವೆ. ಮೋಡಿ ಎಂಬುದು ಅವಸರದ ಲಿಪಿಯೇ. ಹಾಳೆಯ ಮೇಲೆ ಮೊದಲು ಅಡ್ಡಗೆರೆ ಎಳೆದುಕೊಂಡು, ಲೇಖನಿಯನ್ನು ಆದಷ್ಟು ಎತ್ತದೆ, ಪದಗಳನ್ನು ಬಿಡಿಸದೆ, ವಿರಾಮವಿಲ್ಲದೆ ಬರೆದುಕೊಂಡು ಹೋಗುತ್ತಿದ್ದರು. ದಫ್ತರದ ಕೆಲಸ ಬೇಗ ಸಾಗುತ್ತಿತ್ತು. ಆದರೆ ಅದನ್ನು ಓದುವವನು ಆ ವಿದ್ಯೆಯಲ್ಲಿ ಪಳಗಿದವನು, ಸಾವಕಾಶವಾಗಿ ಕುಳಿತು ಓದುವವನು. ಬರೆಯುವವನ ಅವಸರವನ್ನು ಓದುವವನ ತಾಳ್ಮೆ ಸರಿದೂಗಿಸುತ್ತಿತ್ತು. ಇಂದು ಅದೇ ಕಾಗದವನ್ನು ಹಿಡಿದು, ಅಜ್ಜನ ಹೊಲದ ಎಲ್ಲೆ ಯಾವುದೆಂದು ತಿಳಿಯಲು ಮೋಡಿ ಬಲ್ಲವರನ್ನು ಹುಡುಕಿ ಅಲೆಯುವ ಕುಟುಂಬಗಳಿವೆ. ಓದಬಲ್ಲವರು ಇಲ್ಲವಾದಾಗ ಅವಸರದ ಬರಹ ಬೀಗ ಹಾಕಿದ ಮನೆಯಂತಾಗುತ್ತದೆ.

ಇಂದಿನ ವಿಶೇಷವೆಂದರೆ ಬರೆಯುವವನಿಗೂ ಅವಸರ, ಓದುವವನಿಗೂ ಅವಸರ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿರಿ. ಪುಣೆಯಲ್ಲಿ ನೌಕರಿ ಮಾಡುವ ತಮ್ಮ, ಊರಲ್ಲಿರುವ ಅಣ್ಣನಿಗೆ ಮೊಬೈಲಿನಲ್ಲಿ ಬರೆಯುತ್ತಾನೆ: “ಹೊಲ ಮಾರಿದ್ರಿ”. ಕೊನೆಗೆ ಪ್ರಶ್ನೆಯ ಕೊಂಡಿಯಿದ್ದರೆ ಅದು ವಿಚಾರಣೆ, ಇಲ್ಲದಿದ್ದರೆ ಆಪಾದನೆ. ಮತ್ತೊಂದು ಸಂದೇಶ: “ದುಡ್ಡು ಕೊಟ್ಟೆ ಅವನಿಗೆ ಹೇಳಬೇಡ”. ‘ಕೊಟ್ಟೆ’ ಎಂಬುದರ ಮುಂದೆ ನಿಂತರೆ ದುಡ್ಡು ಯಾರಿಗೋ ಸಂದಿದೆ, ಅವನಿಗೆ ತಿಳಿಯಬಾರದು. ‘ಅವನಿಗೆ’ ಎಂಬುದರ ಮುಂದೆ ನಿಂತರೆ ದುಡ್ಡು ಅವನಿಗೇ ಸಂದಿದೆ, ಉಳಿದವರಿಗೆ ತಿಳಿಯಬಾರದು. ಎದುರೆದುರು ಮಾತನಾಡುವಾಗ ದನಿಯ ಏರಿಳಿತ ಅರ್ಥವನ್ನು ಕಾಯುತ್ತದೆ. ಪರದೆಯ ಮೇಲೆ ದನಿಯೂ ಇಲ್ಲ, ಚಿಹ್ನೆಯೂ ಇಲ್ಲ. ಬಳಿಕ ಉಳಿಯುವುದು ಓದುವವನ ಆ ಹೊತ್ತಿನ ಮನಃಸ್ಥಿತಿಯೊಂದೇ. ಅದು ಕೆಟ್ಟಿದ್ದರೆ ಸಂಬಂಧವೂ ಕೆಡುತ್ತದೆ.

ಇದು ನಮ್ಮ ನಾಡಿನ ತೊಡಕು ಮಾತ್ರವಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೊಬೈಲಿನ ಚಿಕ್ಕ ಉತ್ತರಕ್ಕೆ ಪೂರ್ಣವಿರಾಮ ಹಾಕಿದರೆ, ಆ ಉತ್ತರದಲ್ಲಿ ಪ್ರಾಮಾಣಿಕತೆ ಕಡಿಮೆಯೆಂದು ವಿದ್ಯಾರ್ಥಿಗಳು ಭಾವಿಸಿದರಂತೆ. ತರುಣರ ಈ ಭಾವನೆಯನ್ನು ನಾವು ನಗೆಯಾಡಬೇಕಾಗಿಲ್ಲ. ‘ಸರಿ’, ‘ಬಂದೆ’ ಎಂಬಂತಹ ಒಂದು ಪದದ ಉತ್ತರಕ್ಕೆ ಚುಕ್ಕೆ ಬೇಕೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಕಳುಹಿಸುವ ಗುಂಡಿಯೇ ಅಲ್ಲಿ ಚುಕ್ಕೆಯ ಕೆಲಸ ಮಾಡುತ್ತದೆ. ಆದರೆ ಮನೆಯ ವ್ಯವಹಾರ, ಔಷಧದ ವಿವರ, ಅರ್ಜಿ, ಕರಾರುಪತ್ರ, ಕ್ಷಮೆ, ಸಾಂತ್ವನ ಇವೆಲ್ಲ ಒಂದು ಪದದಲ್ಲಿ ಮುಗಿಯುವಂಥವಲ್ಲ. ಅಲ್ಲಿ ವಿರಾಮವನ್ನು ಬಿಟ್ಟರೆ, ಬರೆಯುವವನು ಉಳಿಸಿದ ಕ್ಷಣಕ್ಕೆ ಓದುವವನು ಗಂಟೆಗಳ ತೆರಿಗೆ ತೆರಬೇಕಾಗುತ್ತದೆ.

ಗಡಿಯಲ್ಲಿರುವ ನಮಗೆ ಈ ಚಿಂತೆ ಇನ್ನಷ್ಟು ಹತ್ತಿರದ್ದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬೆರಕೆ ಭಾಷೆ ಬಳಸುತ್ತಾರೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕವನ್ನು ಬಿಟ್ಟರೆ ಅಚ್ಚಾದ ಕನ್ನಡ ಕಣ್ಣಿಗೆ ಬೀಳದ ಮನೆಗಳು ಅನೇಕ. ಅಂತಹ ಮನೆಯ ಮಗುವಿಗೆ ಚುಕ್ಕೆ, ಕೊಂಡಿಗಳೇ ಕೈಹಿಡಿದು ನಡೆಸುವ ಗುರುಗಳು. ಅವು ಅಳಿದರೆ ಮಗು ಓದುವುದನ್ನು ಬಿಡುವುದಿಲ್ಲ. ತಿಳಿಯದೆ ಓದುವುದನ್ನು ಕಲಿಯುತ್ತದೆ. ಕನ್ನಡ ಶಾಲೆಯ ಬಾಗಿಲು ತೆರೆದಿದ್ದರೂ ಕನ್ನಡ ಒಳಗೆ ಸೊರಗುವುದು ಹೀಗೆಯೇ. ಮರಾಠಿಯಲ್ಲಿ ಶಿಕ್ಷಣ ಪಡೆದು, ಬಳಿಕ ಕನ್ನಡವನ್ನು ಸಾಧಿಸಿ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಪ್ರಥಮ ಮಹಿಳೆ ಜಯದೇವಿತಾಯಿ ಲಿಗಾಡೆ ಇದೇ ಸೊಲ್ಲಾಪುರದವರು. ಗಡಿಯ ಮಗು ಎರಡು ಭಾಷೆಗಳನ್ನೂ ಗೌರವದಿಂದ ಬರೆಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅವಸರಕ್ಕೆ ಮದ್ದು ನಮ್ಮ ಊರಿನಲ್ಲಿಯೇ ಇದೆ. ಈ ನಗರ ಮಗ್ಗಗಳ ನಗರ. ಮಗ್ಗದ ಮೇಲೆ ಹಾಸು ಉದ್ದಕ್ಕೆ ಒಂದೇ ಸಮನೆ ಸಾಗಿದರೂ, ಒಂದು ಚಾದರದ ಅಂಚು ಮುಗಿದು ಇನ್ನೊಂದರ ಅಂಚು ತೊಡಗುವ ಸ್ಥಳ ನೇಕಾರನಿಗೆ ಗೊತ್ತು. ಆ ಗುರುತಿಲ್ಲದಿದ್ದರೆ ನೆಯ್ದುದೆಲ್ಲ ಬರಿಯ ಬಟ್ಟೆ, ಹೊದೆಯುವ ಚಾದರವಲ್ಲ. ಸಂಕ್ರಮಣದ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಟಾಗ, ಬೇಗ ಮುಗಿಸುವುದನ್ನು ಯಾರೂ ದೊಡ್ಡ ಸೇವೆಯೆನ್ನುವುದಿಲ್ಲ. ನಿಲ್ಲಬೇಕಾದಲ್ಲಿ ನಿಂತು ನಡೆಯುವುದೇ ಅಲ್ಲಿ ಸೇವೆ.

ಕೊನೆಯದಾಗಿ ಮೂರು ವಿನಂತಿಗಳು. ಪಾಲಕರೆ, ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಗಟ್ಟಿಯಾಗಿ ಓದಿಸಿರಿ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಎಲ್ಲಿ ಅರ್ಥವಾಗಲಿಲ್ಲವೆಂದು ಕೇಳಿದರೆ ಸಾಕು, ಮಗು ತಾನೇ ನಿಂತು ಓದತೊಡಗುತ್ತದೆ. ಶಿಕ್ಷಕ ಬಂಧುಗಳೆ, ಉಕ್ತಲೇಖನದಲ್ಲಿ ‘ಅಲ್ಪವಿರಾಮ’, ‘ಪೂರ್ಣವಿರಾಮ’ ಎಂದು ಬಾಯಿಂದ ಹೇಳದೆ, ದನಿಯಿಂದ ಸೂಚಿಸೋಣ. ಕಿವಿ ಹಿಡಿದದ್ದನ್ನು ಕೈ ಮರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳೆ, ವರ್ಷಕ್ಕೊಮ್ಮೆ ನಿಮ್ಮ ಶಾಲೆಗೆ ಕೈಯಾರೆ ಒಂದು ಕನ್ನಡ ಪತ್ರ ಬರೆಯಿರಿ. ಅದನ್ನು ನಾವು ತರಗತಿಯಲ್ಲಿ ಓದಿಸುತ್ತೇವೆ. ದೂರದ ಊರಿನಲ್ಲಿ ಯಾರೋ ತಮಗಾಗಿ ಅರ್ಧ ಗಂಟೆ ಕುಳಿತು ಬರೆದರೆಂಬುದು ಮಕ್ಕಳಿಗೆ ತಿಳಿಯಲಿ.

ವಿರಾಮ ಚಿಹ್ನೆಯೆಂದರೆ ಓದುವವನಿಗೆ ಬರೆಯುವವನು ತೋರುವ ಮರ್ಯಾದೆ. “ನೀವು ಇಲ್ಲಿ ಸ್ವಲ್ಪ ಕುಳಿತು ಮುಂದೆ ಸಾಗಿರಿ” ಎಂದು ಅದು ಹೇಳುತ್ತದೆ. ಬಂದವರಿಗೆ ಕೂಡಲು ಸ್ಥಳ ಕೊಡುವುದು ನಮ್ಮ ಸೀಮೆಯ ಹಳೆಯ ನಡತೆ. ಅದು ನಮ್ಮ ಬರಹದಲ್ಲಿಯೂ ಉಳಿಯಲೆಂದು ಹಾರೈಸಿ, ನಮ್ಮ ಮಾತಿಗೆ ಪೂರ್ಣವಿರಾಮ ಹಾಕುತ್ತೇವೆ.